ನಕ್ಷೆ ಹಾಕುವ ಮೊದಲೇ ಸಪ್ಪಳದ ಲೆಕ್ಕ: ಬೆಳಗಾವಿಯಲ್ಲಿ ಕಟ್ಟಡ ಕಟ್ಟುವವರಿಗೆ ಹಂತ ಹಂತದ ಮಾರ್ಗದರ್ಶಿ

ಬೆಳಗಾವಿ ಕಡೆ ಹೊಸ ಮನೆ, ಅಪಾರ್ಟ್‌ಮೆಂಟ್, ನರ್ಸಿಂಗ್ ಹೋಮ್ ಕಟ್ಟಿದವರು ಪದೇ ಪದೇ ಒಂದೇ ಪ್ರಶ್ನೆ ಕೇಳುತ್ತಾರೆ. "ಗೃಹಪ್ರವೇಶ ಆತ್ರಿ, ಲಾರಿ ಸಪ್ಪಳಕ್ಕ ರಾತ್ರಿ ನಿದ್ದಿ ಇಲ್ಲ. ಯಾವ ಕಿಟಕಿ ಹಾಕಿಸಿದ್ರ ಸರಿಹೋಗ್ತದ?"

ಕಿಟಕಿ ಈ ಕೆಲಸದಲ್ಲಿ ಐದನೇ ಹಂತ. ಮೊದಲ ನಾಲ್ಕು ಬಿಟ್ಟು ನೇರ ಐದಕ್ಕೆ ಬಂದರೆ ದುಡ್ಡು ಹೋಗುತ್ತದೆ, ಸಪ್ಪಳ ಉಳಿಯುತ್ತದೆ. ಪ್ಲಾಟ್ ನೋಡುವಾಗ ಮತ್ತು ನಕ್ಷೆ ಬರೆಯುವಾಗ ಖರ್ಚಿಲ್ಲದೆ ಆಗುವ ಕೆಲಸವನ್ನು ಆಮೇಲೆ ಲಕ್ಷಗಟ್ಟಲೆ ಕೊಟ್ಟರೂ ಪೂರ್ತಿ ಮಾಡಲಾಗುವುದಿಲ್ಲ. ಹಾಗಾಗಿ ದಯವಿಟ್ಟು ಈ ಕ್ರಮವನ್ನು ಹಿಂದೆ ಮುಂದೆ ಮಾಡಬೇಡಿ.

## ಕೈಯಲ್ಲಿ ಏನೇನು ಇರಬೇಕು

ಕ್ಲಾಸ್ 2 ದರ್ಜೆಯ ಸೌಂಡ್ ಲೆವೆಲ್ ಮೀಟರ್, ಅದನ್ನು ಸರಿನೋಡಲು 94 ಡೆಸಿಬಲ್ ಸದ್ದು ಕೊಡುವ ಕ್ಯಾಲಿಬ್ರೇಟರ್, ಮೈಕಿಗೆ ಹಾಕುವ ಸ್ಪಂಜಿನ ಟೊಪ್ಪಿಗೆ, ಟ್ರೈಪಾಡ್, ಅಳತೆ ಟೇಪು, ಒಂದು ನೋಟ್‌ಬುಕ್. ಜೊತೆಗೆ ನಿಮ್ಮ ಪ್ಲಾಟ್ ಯಾವ ವಲಯದಲ್ಲಿ ಬರುತ್ತದೆ ಎಂದು ತೋರಿಸುವ ಮಾಸ್ಟರ್ ಪ್ಲಾನ್ ಹಾಳೆ. ಅದು ಬುಡಾ, ಅಂದರೆ ನಗರಾಭಿವೃದ್ಧಿ ಪ್ರಾಧಿಕಾರದಲ್ಲಿ ಸಿಗುತ್ತದೆ.

ಮೀಟರ್ ಕೊಳ್ಳಲೇಬೇಕು ಅಂತಿಲ್ಲ. ಮಾನ್ಯತೆ ಇರುವ ಪರಿಸರ ಪ್ರಯೋಗಾಲಯದವರು ಹಣ ತೆಗೆದುಕೊಂಡು ಅಳೆದು ವರದಿ ಕೊಡುತ್ತಾರೆ. ಫೋನಿನ ಆ್ಯಪ್ ಸಾಲದು. ಫೋನಿನ ಮೈಕು ಮಾತಿಗೆ ಅಂತ ಮಾಡಿದ್ದು, ಲಾರಿ ಇಂಜಿನ್ನಿನ ದಪ್ಪ ಸದ್ದನ್ನು ಅದು ಕಡಿಮೆ ತೋರಿಸಬಹುದು. ಪ್ಲಾಟಿನ ಈ ಮೂಲೆಗೂ ಆ ಮೂಲೆಗೂ ಎಷ್ಟು ವ್ಯತ್ಯಾಸ ಅಂತ ಅಂದಾಜು ಮಾಡಲಷ್ಟೇ ಬಳಸಿ.

ಡೆಸಿಬಲ್ ಬಗ್ಗೆ ಎರಡು ಮಾತು ನೆನಪಿರಲಿ. ಒಂದೇ ಥರದ ಎರಡು ಯಂತ್ರ ಒಟ್ಟಿಗೆ ಓಡಿದರೆ 3 ಡೆಸಿಬಲ್ ಏರುತ್ತದೆ, ದುಪ್ಪಟ್ಟು ಆಗುವುದಿಲ್ಲ. 10 ಡೆಸಿಬಲ್ ಏರಿದರೆ ಕಿವಿಗೆ ಸುಮಾರು ಎರಡರಷ್ಟು ಜೋರು ಅನ್ನಿಸುತ್ತದೆ.

## ಹಂತ 1: ಪ್ಲಾಟಿನ ಸುತ್ತ ಸಪ್ಪಳದ ಪಟ್ಟಿ ಮಾಡಿ

ಪ್ಲಾಟ್ ತೋರಿಸುವವರು ಸಾಮಾನ್ಯವಾಗಿ ಮಧ್ಯಾಹ್ನ ಕರೆದೊಯ್ಯುತ್ತಾರೆ, ಅದೂ ರಜೆಯ ದಿನ. ಆಗ ಎಲ್ಲ ಓಣಿಯೂ ತಣ್ಣಗೇ ಇರುತ್ತದೆ. ನೀವು ಬೆಳಿಗ್ಗೆ 5ರಿಂದ 7, ರಾತ್ರಿ 9ರಿಂದ 11, ಮತ್ತೆ ನಡುರಾತ್ರಿಯ ನಂತರ, ಈ ಮೂರು ಹೊತ್ತಿನಲ್ಲಿ ಹೋಗಿ ನಿಲ್ಲಿ. ಕೆಲಸದ ದಿನ ಒಂದು ಸಲ, ಸಂತೆ ಇದ್ದರೆ ಸಂತೆಯ ದಿನ ಒಂದು ಸಲ. ಏನು ಕೇಳಿಸಿತು, ಯಾವ ದಿಕ್ಕಿನಿಂದ, ಎಷ್ಟು ಹೊತ್ತು ಅಂತ ಬರೆದುಕೊಳ್ಳಿ.

ನಮ್ಮೂರಲ್ಲಿ ನೋಡಬೇಕಾದ್ದು ಇವು.

ಹೆದ್ದಾರಿ: ಪುಣೆ–ಬೆಂಗಳೂರು ರಾಷ್ಟ್ರೀಯ ಹೆದ್ದಾರಿ 48ರ ಬದಿಯ ಪ್ಲಾಟುಗಳಿಗೆ ರಾತ್ರಿಯೂ ಬಿಡುವಿಲ್ಲ. ಕಾರು, ಬೈಕು ಕಡಿಮೆಯಾದಾಗಲೂ ಲಾರಿ ನಿಲ್ಲುವುದಿಲ್ಲ. ಏರು, ಫ್ಲೈಓವರ್ ಇಳಿಜಾರು, ಹಂಪ್ ಇರುವ ಕಡೆ ಗೇರ್ ಬದಲಿಸುವ ಮತ್ತು ಬ್ರೇಕ್ ಹಾಕುವ ಸದ್ದು ಬೇರೆಯೇ ಸೇರುತ್ತದೆ.

ರೈಲು: ಲೋಂಡಾ–ಮೀರಜ್ ಮಾರ್ಗ ಊರ ನಡುವೆಯೇ ಹೋಗುತ್ತದೆ. ಟಿಳಕವಾಡಿಯಂಥ ಕಡೆ ರೈಲಿನ ಓಟಕ್ಕಿಂತ ಹಾರ್ನ್ ನಿದ್ದೆ ಕೆಡಿಸುತ್ತದೆ. ಹಳಿಯ ಪಕ್ಕ ಹಳದಿ ಬಣ್ಣದ, 'ಡಬ್ಲ್ಯೂ/ಎಲ್' ಎಂದು ಬರೆದ ಫಲಕ ಇದೆಯಾ ನೋಡಿ. ಗೇಟು ಬರುತ್ತಿದೆ, ಹಾರ್ನ್ ಹಾಕು ಅಂತ ಚಾಲಕನಿಗೆ ಹೇಳುವ ಫಲಕ ಅದು. ಗೇಟು ದೂರ ಇದ್ದರೂ ಆ ಫಲಕ ನಿಮ್ಮ ಪ್ಲಾಟಿನ ಎದುರೇ ಇದ್ದರೆ ಹಾರ್ನ್ ನಿಮ್ಮ ಎದುರೇ.

ಕಾರ್ಖಾನೆ: ಉದ್ಯಮಬಾಗ, ಮಚ್ಛೆ, ಹೊನಗಾ ಕಡೆ ಫೌಂಡ್ರಿ, ಮಷಿನ್ ಶಾಪ್ ಇವೆ. ಮಳೆಗಾಲದಲ್ಲಿ ಗಾಳಿ ಪಶ್ಚಿಮ ಮತ್ತು ನೈಋತ್ಯದಿಂದ ಬೀಸುತ್ತದೆ. ಸಪ್ಪಳ ಗಾಳಿಯ ಜೊತೆ ಬರುತ್ತದೆ. ಹಾಗಾಗಿ ಉದ್ಯಮಬಾಗದ ಪೂರ್ವಕ್ಕಿರುವ ಪ್ಲಾಟಿಗೆ ಬೇಸಿಗೆಯಲ್ಲಿ ಕೇಳದ ಯಂತ್ರ ಜುಲೈನಲ್ಲಿ ಕೇಳಬಹುದು. ಚಳಿಗಾಲದ ರಾತ್ರಿ ನೆಲದ ಹತ್ತಿರದ ಗಾಳಿ ತಣ್ಣಗಾಗಿ ಮೇಲಿನದು ಬೆಚ್ಚಗಿರುತ್ತದೆ. ಆಗ ಸದ್ದು ಕೆಳಕ್ಕೆ ಬಾಗಿ ದೂರದ ತನಕ ಬರುತ್ತದೆ.

ಮಗ್ಗ: ವಡಗಾವಿ, ಖಾಸಬಾಗ, ಶಹಾಪುರದ ಓಣಿಗಳಲ್ಲಿ ಪವರ್‌ಲೂಮ್ ಮನೆಯೊಳಗೇ ಇರುತ್ತವೆ. ಪಕ್ಕದ ಗೋಡೆಗೆ ಅಂಗೈ ಒತ್ತಿ ಹಿಡಿಯಿರಿ. ಲಾಳಿ ಬಡಿದಾಗಲೆಲ್ಲ ಅಂಗೈಗೆ ಧಕ್ ಧಕ್ ಅಂತ ತಿಳಿದರೆ ಅದು ಬರೀ ಗಾಳಿಯ ಸದ್ದಲ್ಲ, ಗೋಡೆ ಮತ್ತು ನೆಲದ ಮೂಲಕ ಬರುವ ನಡುಕ. ಕಿಟಕಿಯಿಂದ ಅದು ನಿಲ್ಲುವುದಿಲ್ಲ. ಪಕ್ಕದವರ ಗೋಡೆಗೆ ನಿಮ್ಮ ಗೋಡೆ ಅಂಟಿಸದೆ, ಬೇರೆ ಪಾಯ ಹಾಕಿ, ನಡುವೆ ಸಂದು ಬಿಟ್ಟು ಕಟ್ಟಬೇಕು. ಆ ಸಂದಿನಲ್ಲಿ ಗಾರೆ, ಇಟ್ಟಿಗೆ ಚೂರು ಬೀಳದಂತೆ ನೋಡಿಕೊಳ್ಳಬೇಕು, ಒಂದು ಚೂರು ಸೇತುವೆಯಾದರೂ ನಡುಕ ದಾಟುತ್ತದೆ. ಇನ್ನೊಂದು ಮಾತು: ಮಗ್ಗ ಮೊದಲು ಬಂದಿದೆ, ಅದು ಒಂದು ಮನೆಯ ಅನ್ನ. ಹೊಸದಾಗಿ ಕಟ್ಟುವ ನಾವು ಹೊಂದಿಕೊಂಡು ಕಟ್ಟುವುದೇ ನ್ಯಾಯ ಅಂತ ನಾನು ನಂಬುತ್ತೇನೆ.

ಸಾಂಬ್ರಾ ವಿಮಾನ ನಿಲ್ದಾಣದ ಕಡೆಯ ಪ್ಲಾಟಾದರೆ ಸದ್ದು ಮೇಲಿನಿಂದ ಬರುತ್ತದೆ. ಅಲ್ಲಿ ಕಾಂಪೌಂಡ್ ಏನೂ ಮಾಡುವುದಿಲ್ಲ, ಛಾವಣಿ ಗಟ್ಟಿ ಇರಬೇಕು. ಮೇಲಿನ ಮಹಡಿಗೆ ಪತ್ರಾಸ್ (ತಗಡು) ಹಾಕುವ ಯೋಚನೆ ಇದ್ದರೆ ಬಿಡಿ. ನಮ್ಮ ಮಳೆಗೂ ಪತ್ರಾಸಿನ ಕೆಳಗೆ ಮಲಗುವುದು ಕಷ್ಟ, ಅಲ್ವಾ?

ಗಣಪತಿ ಹಬ್ಬದ ಮೆರವಣಿಗೆಯ ಸಪ್ಪಳಕ್ಕೆ ತಕ್ಕ ಹಾಗೆ ಮನೆ ಕಟ್ಟಲು ಹೋಗಬೇಡಿ. ಉಳಿದ ಮುನ್ನೂರು ಚಿಲ್ಲರೆ ಸಾಮಾನ್ಯ ರಾತ್ರಿಗಳಿಗೆ ಕಟ್ಟಿ.

## ಹಂತ 2: ಮಿತಿ ಎಷ್ಟು ಅಂತ ಗೊತ್ತು ಮಾಡಿಕೊಳ್ಳಿ

ಶಬ್ದ ಮಾಲಿನ್ಯ ನಿಯಮಗಳು, 2000ರ ಪ್ರಕಾರ ಹೊರಗಿನ ಸದ್ದಿನ ಮಿತಿ ಹೀಗಿದೆ. ಹಗಲು ಅಂದರೆ ಬೆಳಿಗ್ಗೆ 6ರಿಂದ ರಾತ್ರಿ 10, ರಾತ್ರಿ ಅಂದರೆ 10ರಿಂದ 6.

- ಕೈಗಾರಿಕೆ ವಲಯ: ಹಗಲು 75, ರಾತ್ರಿ 70 ಡೆಸಿಬಲ್
- ವಾಣಿಜ್ಯ ವಲಯ: 65, 55
- ವಸತಿ ವಲಯ: 55, 45
- ನಿಶ್ಶಬ್ದ ವಲಯ: 50, 40

ಆಸ್ಪತ್ರೆ, ಶಾಲೆ-ಕಾಲೇಜು, ನ್ಯಾಯಾಲಯದ ಸುತ್ತ ಕನಿಷ್ಠ 100 ಮೀಟರ್ ನಿಶ್ಶಬ್ದ ವಲಯವಾಗಬಹುದು. ಅಂಥ ಜಾಗದ ಪಕ್ಕ ನೀವು ಕಲ್ಯಾಣ ಮಂಟಪ ಕಟ್ಟಲು ಹೊರಟಿದ್ದರೆ ಈಗಲೇ ನಿಂತು ಯೋಚಿಸಿ. ಕಟ್ಟಡದ ಒಟ್ಟು ವಿಸ್ತೀರ್ಣ 20,000 ಚದರ ಮೀಟರ್ ದಾಟಿದರೆ 2006ರ ಪರಿಸರ ಪರಿಣಾಮ ಅಧಿಸೂಚನೆಯಂತೆ ಮೊದಲೇ ಪರಿಸರ ಅನುಮತಿ ಬೇಕು. ಅದರಲ್ಲಿ ಸಪ್ಪಳದ ಅಳತೆಯೂ ಬರುತ್ತದೆ.

ಇಲ್ಲಿ ಎಲ್ಲರೂ ಮಾಡುವ ತಪ್ಪು ಏನೆಂದರೆ, ಮೇಲಿನ ಅಂಕಿಗಳನ್ನು ಮನೆಯೊಳಗಿನ ಗುರಿ ಅಂದುಕೊಳ್ಳುವುದು. ಅವು ಹೊರಗಿನವು. ಮಲಗುವ ಕೋಣೆಯೊಳಗೆ ರಾತ್ರಿ 30, ತರಗತಿಯೊಳಗೆ 35 ಡೆಸಿಬಲ್ ಮೀರದಿದ್ದರೆ ಒಳ್ಳೆಯದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸ್ವಲ್ಪ ತೆರೆದಿಟ್ಟ ಕಿಟಕಿ ಸುಮಾರು 15 ಡೆಸಿಬಲ್ ತಡೆಯುತ್ತದೆ. ಹೊರಗೆ 45 ಇದ್ದರೆ ಒಳಗೆ 30. ಅಂದರೆ ಹೊರಗೆ 45 ದಾಟಿದ ಪ್ಲಾಟಿನಲ್ಲಿ ಕಿಟಕಿ ತೆರೆದು ಮಲಗಬೇಕಾದರೆ ನಕ್ಷೆಯೇ ಕೆಲಸ ಮಾಡಬೇಕು.

## ಹಂತ 3: ಅಳೆಯಿರಿ

ಮೀಟರನ್ನು 'ಎ' ತೂಕಕ್ಕೆ ಇಡಿ, ಅಂದರೆ ನಮ್ಮ ಕಿವಿ ಕೇಳುವ ರೀತಿಗೆ ಹೊಂದಿಸುವ ಸೆಟ್ಟಿಂಗಿಗೆ. ಟ್ರೈಪಾಡ್ ಮೇಲೆ ನೆಲದಿಂದ 1.2ರಿಂದ 1.5 ಮೀಟರ್ ಎತ್ತರ. ಪಕ್ಕದ ಗೋಡೆಯಿಂದ ಕನಿಷ್ಠ ಮೂರೂವರೆ ಮೀಟರ್ ದೂರ. ಗೋಡೆಯ ತೀರ ಹತ್ತಿರ ಇಟ್ಟರೆ ಪ್ರತಿಫಲನ ಸೇರಿ ಸುಮಾರು 3 ಡೆಸಿಬಲ್ ಜಾಸ್ತಿ ತೋರಿಸುತ್ತದೆ. ಅಳೆಯುವ ಮೊದಲೂ ಆಮೇಲೂ ಕ್ಯಾಲಿಬ್ರೇಟರ್ ಹಾಕಿ ನೋಡಿ. ಮಳೆ ಬರುವಾಗ, ಜೋರು ಗಾಳಿ ಇರುವಾಗ ಅಳೆಯಬೇಡಿ.

ಪ್ರತಿ ಸಲ ಕನಿಷ್ಠ 15 ನಿಮಿಷದ ಸರಾಸರಿ, ಅಂದರೆ ಎಲ್‌ಇಕ್ಯೂ ತೆಗೆದುಕೊಳ್ಳಿ. ಅದರ ಜೊತೆ ಅತಿ ಹೆಚ್ಚು ಏರಿದ ಅಂಕಿಯನ್ನೂ ಬರೆಯಿರಿ. ಇದನ್ನೇ ಜನ ಬಿಡುತ್ತಾರೆ. ರೈಲಿನ ಹಾರ್ನ್ ಕೆಲವೇ ಸೆಕೆಂಡಿನದು, ಸರಾಸರಿಯಲ್ಲಿ ಅದು ಕರಗಿಹೋಗುತ್ತದೆ. ಆದರೆ ಮಗು ಎದ್ದು ಕೂರುವುದು ಸರಾಸರಿಗೆ ಅಲ್ಲ, ಆ ಹಾರ್ನಿಗೆ. ರಾತ್ರಿ ಅಂಥ ಏರು ಎಷ್ಟು ಸಲ ಬಂತು ಅಂತ ಎಣಿಸಿ.

ಮೇಲಿನ ಮಹಡಿಯ ಅಂದಾಜಿಗೆ ಪಕ್ಕದ ಮನೆಯವರನ್ನು ಕೇಳಿ ಅವರ ಮಾಳಿಗೆ ಮೇಲೂ ಒಮ್ಮೆ ಅಳೆಯಿರಿ. ಕೆಳಗೆ ಕಾಂಪೌಂಡು, ಅಂಗಡಿ ಸಾಲು ಮರೆಯಾಗಿ 58 ತೋರಿಸಿದ ಜಾಗ ಮೇಲೆ 64 ತೋರಿಸಬಹುದು.

ಎಚ್ಚರದ ಗುರುತು: ವರದಿಯಲ್ಲಿ ಹಗಲಿನ ಅಂಕಿ ಮಾತ್ರ ಇದ್ದರೆ, ಅಥವಾ ಎಲ್ಲ ಮೂಲೆಗೂ ಒಂದೇ ಅಂಕಿ ಇದ್ದರೆ, ಮತ್ತೆ ಅಳೆಸಿ.

## ಹಂತ 4: ಕಟ್ಟಡ ಕೂರಿಸುವುದು, ಕೋಣೆ ಹಂಚುವುದು

ಸಪ್ಪಳ ಗೆಲ್ಲುವುದೂ ಸೋಲುವುದೂ ಇಲ್ಲೇ. ಇದಕ್ಕೆ ಸಮಯ ಕೊಡಿ.

ಮೊದಲು ದೂರದ ಲೆಕ್ಕ. ರಸ್ತೆಯ ಸದ್ದು ದೂರ ದುಪ್ಪಟ್ಟಾದಾಗ 3 ಡೆಸಿಬಲ್ ಇಳಿಯುತ್ತದೆ. 10 ಮೀಟರ್‌ನಿಂದ 20ಕ್ಕೆ ಹೋದರೆ 3, 40ಕ್ಕೆ ಹೋದರೆ 6. ಹಾಗಾಗಿ ಮೂವತ್ತು–ನಲವತ್ತರ ಪ್ಲಾಟಿನಲ್ಲಿ ಮನೆಯನ್ನು ಮೂರು ಅಡಿ ಹಿಂದೆ ಸರಿಸಿದರೆ ಏನೂ ಆಗದು. ದೊಡ್ಡ ಲೇಔಟಿನಲ್ಲಿ ಮಾತ್ರ ದೂರ ಕೆಲಸಕ್ಕೆ ಬರುತ್ತದೆ.

ಸಣ್ಣ ಪ್ಲಾಟಿನಲ್ಲಿ ಕಟ್ಟಡವನ್ನೇ ಗೋಡೆ ಮಾಡಿಕೊಳ್ಳಬೇಕು. ರಸ್ತೆಯ ಕಡೆ ಮೆಟ್ಟಿಲು, ಬಚ್ಚಲು, ಸ್ಟೋರ್, ಅಡುಗೆಮನೆ, ಕಾರಿಡಾರ್. ಹಿಂದೆ ಮಲಗುವ ಕೋಣೆ, ಮಕ್ಕಳು ಓದುವ ಜಾಗ. ಕಟ್ಟಡದ ಹಿಂಬದಿ ರಸ್ತೆಯ ಬದಿಗಿಂತ 10 ಡೆಸಿಬಲ್ ಅಥವಾ ಇನ್ನೂ ಜಾಸ್ತಿ ತಣ್ಣಗಿರುತ್ತದೆ. ಯಾವ ಗಾಜೂ ಕಿಟಕಿ ತೆರೆದಿಟ್ಟು ಇಷ್ಟು ಕೊಡುವುದಿಲ್ಲ. ಬೆಳಗಾವಿಯ ಹವೆಗೆ ನಾವು ಕಿಟಕಿ ತೆರೆದೇ ಮಲಗುವವರು, ಅದನ್ನು ಕಳೆದುಕೊಳ್ಳಬಾರದು.

ವಾಸ್ತು ಮಾತು ಬಂದೇ ಬರುತ್ತದೆ. ಯಜಮಾನರ ಕೋಣೆ ನೈಋತ್ಯದಲ್ಲೇ ಇರಬೇಕು, ರಸ್ತೆಯೂ ಪಶ್ಚಿಮಕ್ಕೇ ಇದೆ ಅಂತಿಟ್ಟುಕೊಳ್ಳಿ. ಜಗಳ ಬೇಡ. ಕೋಣೆ ಅಲ್ಲೇ ಇರಲಿ, ರಸ್ತೆಯ ಗೋಡೆಗೆ ಕಪಾಟು ಮತ್ತು ಅಟ್ಯಾಚ್ ಬಚ್ಚಲು ಬರಲಿ, ಕಿಟಕಿ ದಕ್ಷಿಣದ ಗೋಡೆಗೆ ಹೋಗಲಿ. ವಾಸ್ತು ಹೇಳುವವರನ್ನು ನಕ್ಷೆಯ ಮೊದಲ ಕರಡಿಗೇ ಕರೆಯಿರಿ. ಸ್ಲ್ಯಾಬ್ ಹಾಕಿದ ಮೇಲೆ ಕಿಟಕಿ ಜಾಗ ಬದಲಿಸಿದ್ದರಿಂದಲೇ ಕೆಟ್ಟ ಮನೆಗಳು ಬಹಳ.

ಅಪಾರ್ಟ್‌ಮೆಂಟ್ ಆದರೆ ಆಕಾರ ನೋಡಿ. ಇಂಗ್ಲಿಷಿನ 'ಯು' ಆಕಾರದ ಬಾಯಿ ರಸ್ತೆಗೆ ತೆರೆದರೆ ಸದ್ದು ಒಳಗೆ ಹೋಗಿ ಮೂರೂ ಗೋಡೆಗೆ ಬಡಿದು ನಿಲ್ಲುತ್ತದೆ. ಬೆನ್ನು ರಸ್ತೆಗೆ, ಬಾಯಿ ಹಿಂದಕ್ಕೆ ಮಾಡಿ. ಕೆಳಗೆ ಅಂಗಡಿ, ಮೇಲೆ ಮನೆ ಅನ್ನುವ ಯೋಜನೆಯಲ್ಲಿ ರೋಲಿಂಗ್ ಶಟರ್ ಮರೆಯಬೇಡಿ. ಬೆಳಿಗ್ಗೆ ಆರಕ್ಕೆ ಹಾಲಿನ ಅಂಗಡಿ ಶಟರ್ ಎತ್ತಿದರೆ ಆ ಗಡಗಡ ತೊಲೆ ಹಿಡಿದು ನೇರ ಮೇಲಿನ ಮಂಚಕ್ಕೆ ಹೋಗುತ್ತದೆ. ಶಟರಿನ ಮೇಲೆ ಹಾಲ್ ಅಥವಾ ಅಡುಗೆಮನೆ ಬರಲಿ.

ಕಾಂಪೌಂಡ್ ಬಗ್ಗೆ ಜನರಿಗೆ ಇರುವ ನಂಬಿಕೆ ದೊಡ್ಡದು. ಗೋಡೆ ಸದ್ದಿನ ಮೂಲವನ್ನು ಕಣ್ಣಿಗೆ ಮರೆ ಮಾಡಿದರೆ ಸುಮಾರು 5 ಡೆಸಿಬಲ್ ಇಳಿಯುತ್ತದೆ. ಇನ್ನೂ ಎತ್ತರಿಸಿದರೆ 10ರ ತನಕ ಸಿಗಬಹುದು. ಆದರೆ ಐದಡಿ ಗೋಡೆ ಕೆಳಗಿನ ಮಹಡಿಗೆ ಮಾತ್ರ. ಮೇಲಿನ ಬಾಲ್ಕನಿಯಿಂದ ಲಾರಿ ಕಾಣುತ್ತದೆ ಅಂದರೆ ಲಾರಿ ಕೇಳುತ್ತದೆ. ಗೋಡೆಯಲ್ಲಿ ಜಾಲರಿ, ಕಿಂಡಿ ಇದ್ದರೆ ಪ್ರಯೋಜನ ಇಲ್ಲ. ಒಂದು ಸಾಲು ಅಶೋಕ ಮರವೂ ಸಪ್ಪಳ ತಡೆಯುವುದಿಲ್ಲ. ಸುಮಾರು 30 ಮೀಟರ್ ಅಗಲದ ದಟ್ಟ ತೋಪು ಇದ್ದರೆ ಐದಾರು ಡೆಸಿಬಲ್. ಮರ ನೆರಳಿಗೆ, ಧೂಳಿಗೆ ಹಾಕಿ, ಖಂಡಿತ ಹಾಕಿ. ಬಾಲ್ಕನಿಗೆ ಕಬ್ಬಿಣದ ಗ್ರಿಲ್ ಬದಲು ಗಟ್ಟಿ ಪ್ಯಾರಪೆಟ್ ಕಟ್ಟಿದರೆ ಒಳಗಿನ ಕೋಣೆಗೆ ಒಂದಷ್ಟು ಲಾಭ ಇದೆ.

## ಹಂತ 5: ಗೋಡೆ, ಕಿಟಕಿ, ಬಿರುಕು

ಈಗ ಕಿಟಕಿಗೆ ಬರೋಣ. ಎರಡೂ ಕಡೆ ಗಿಲಾವು ಮಾಡಿದ ಒಂಬತ್ತು ಇಂಚಿನ ಇಟ್ಟಿಗೆ ಗೋಡೆ ಸುಮಾರು 50 ಡೆಸಿಬಲ್ ತಡೆಯುತ್ತದೆ. ಹಗುರ ಎಎಸಿ ಬ್ಲಾಕ್ ಅದೇ ದಪ್ಪದಲ್ಲಿ ಅಷ್ಟು ತಡೆಯುವುದಿಲ್ಲ, ಸದ್ದಿಗೆ ತೂಕವೇ ಅಡ್ಡ. ಆದರೆ ಗೋಡೆಯ ಹತ್ತರಲ್ಲಿ ಒಂದು ಪಾಲು 25 ಡೆಸಿಬಲ್ ತಡೆಯುವ ಸಾದಾ ಕಿಟಕಿ ಇದ್ದರೆ ಎರಡೂ ಸೇರಿ ತಡೆಯುವುದು 35 ಮಾತ್ರ. ಗೋಡೆಯನ್ನು 60ಕ್ಕೆ ಏರಿಸಿದರೂ ಅದೇ 35. ಇನ್ನು ನೂರರಲ್ಲಿ ಒಂದು ಪಾಲು ತೂತು ಉಳಿದರೆ ಒಟ್ಟು ತಡೆ 20 ದಾಟುವುದಿಲ್ಲ. ಅದಕ್ಕೇ ದುಡ್ಡು ಹಾಕುವ ಕ್ರಮ ಹೀಗೆ: ಮೊದಲು ಬಿರುಕು, ಆಮೇಲೆ ಕಿಟಕಿ, ಕೊನೆಗೆ ಗೋಡೆ.

ಲೆಕ್ಕ ಹಾಕುವುದು ಸುಲಭ. ಕಿಟಕಿಯ ಹೊರಗೆ ರಾತ್ರಿ 62, ಒಳಗೆ 30 ಬೇಕು. ತಡೆ 32 ಆಗಬೇಕು. ಪ್ರಯೋಗಾಲಯದ ಅಂಕಿ ಮನೆಯಲ್ಲಿ ಪೂರ್ತಿ ಸಿಗುವುದಿಲ್ಲ, ಹಾಗಾಗಿ 5 ಜಾಸ್ತಿ ಇಟ್ಟುಕೊಳ್ಳಿ, 37 ಆಯಿತು. ಇಲ್ಲಿ ಹತ್ತು–ಹನ್ನೆರಡು ಮಿಲಿಮೀಟರ್ ಲ್ಯಾಮಿನೇಟೆಡ್ ಗಾಜು (ಎರಡು ಗಾಜಿನ ನಡುವೆ ಪ್ಲಾಸ್ಟಿಕ್ ಪದರ ಇರುವುದು), ರಬ್ಬರ್ ಗ್ಯಾಸ್ಕೆಟ್, ಬಾಗಿಲಿನಂತೆ ತೆರೆಯುವ ಕೇಸ್‌ಮೆಂಟ್ ಚೌಕಟ್ಟು ಬೇಕು. ಅದೇ ಕೋಣೆ ಹಿಂಬದಿಯಲ್ಲಿದ್ದು ಹೊರಗೆ 50 ಇದ್ದಿದ್ದರೆ ಬಿಗಿಯಾಗಿ ಮುಚ್ಚುವ ಸಾದಾ ಕಿಟಕಿಯೇ ಸಾಕಿತ್ತು. ನಾಲ್ಕನೇ ಹಂತದ ಬೆಲೆ ಇಲ್ಲಿ ಗೊತ್ತಾಗುತ್ತದೆ.

ಸ್ಲೈಡಿಂಗ್ ಕಿಟಕಿ ರಸ್ತೆಯ ಕಡೆ ಬೇಡ. ಎರಡು ಪಲ್ಲೆ ಸರಿಯುವ ಜಾಗದಲ್ಲಿ ಬ್ರಷ್ ಮಾತ್ರ ಇರುತ್ತದೆ, ಅದು ಧೂಳಿಗೆ ಅಡ್ಡ, ಸದ್ದಿಗೆ ಅಲ್ಲ. 'ಡಬಲ್ ಗ್ಲಾಸ್' ಅಂತ ಮಾರುವವರ ಬಳಿ ನಡುವಿನ ಗಾಳಿಯ ಅಂತರ ಕೇಳಿ. ಹನ್ನೆರಡು ಮಿಲಿಮೀಟರ್ ಅಂತರದ್ದು ಬಿಸಿಲಿಗೆ ಚೆನ್ನ, ಲಾರಿಯ ದಪ್ಪ ಸದ್ದಿಗೆ ಅಷ್ಟಕ್ಕಷ್ಟೇ. ಹಾರ್ನಿನ ಎದುರು ಕಟ್ಟಲೇಬೇಕಾದರೆ ನೂರು ಮಿಲಿಮೀಟರ್ ಬಿಟ್ಟು ಎರಡು ಬೇರೆ ಬೇರೆ ಕಿಟಕಿ ಕೂರಿಸಿ.

ಚೌಕಟ್ಟಿಗೂ ಗೋಡೆಗೂ ನಡುವಿನ ಸಂದು ಗೌಂಡಿಯವರು ಗಾರೆಯಿಂದ ತುಂಬದೆ ಬರೀ ಫೋಮ್ ಹೊಡೆದು ಮೇಲೆ ಸಿಲಿಕಾನ್ ಎಳೆದರೆ ಹೊರಗಿನಿಂದ ನೀಟಾಗಿ ಕಾಣುತ್ತದೆ, ಸದ್ದು ದಾಟುತ್ತದೆ. ಸಿಲಿಕಾನ್ ಎಳೆಯುವ ಮೊದಲು ನೀವೇ ನಿಂತು ನೋಡಿ. ಬಚ್ಚಲಿನ ಲೂವರ್ ವೆಂಟಿಲೇಟರ್, ಬೆನ್ನಿಗೆ ಬೆನ್ನು ಕೂರಿಸಿದ ಸ್ವಿಚ್ ಬೋರ್ಡ್, ಬಾಗಿಲ ಕೆಳಗಿನ ಸಂದು, ಎಸಿ ಪೈಪಿನ ತೂತು, ಇವೂ ಪಟ್ಟಿಯಲ್ಲಿರಲಿ. ಕಿಟಕಿ ಮುಚ್ಚಿದರೆ ಗಾಳಿ ಎಲ್ಲಿಂದ ಅಂತ ಮೊದಲೇ ಯೋಚಿಸಿ, ಹಿಂಬದಿಯಿಂದ ಗಾಳಿ ತರುವ ದಾರಿ ನಕ್ಷೆಯಲ್ಲಿ ಇರಬೇಕು.

ಮೊಟ್ಟೆ ಟ್ರೇ, ಥರ್ಮಾಕೋಲ್, ಗೋಡೆಗೆ ಅಂಟಿಸುವ ಫೋಮ್ ಸುಮ್ನೆ ದಂಡ. ಫೋಮ್ ಕೋಣೆಯೊಳಗಿನ ಮಾರ್ದನಿ ಕಡಿಮೆ ಮಾಡುತ್ತದೆ, ಹೊರಗಿನ ಲಾರಿಯನ್ನು ತಡೆಯುವುದಿಲ್ಲ.

## ಹಂತ 6: ನಿಮ್ಮ ಕಟ್ಟಡವೇ ಮಾಡುವ ಸಪ್ಪಳ

ಜನರೇಟರ್, ಪಂಪು, ಲಿಫ್ಟ್. ನೆರೆಯವರ ಜೊತೆ ಮನಸ್ತಾಪ ಬರುವುದು ಹೆಚ್ಚಾಗಿ ಇವುಗಳಿಂದ.

ಈಗಿನ ಡೀಸೆಲ್ ಜನರೇಟರುಗಳು 1000 ಕೆವಿಎ (ಜನರೇಟರಿನ ಸಾಮರ್ಥ್ಯದ ಅಳತೆ) ತನಕ, ಅದನ್ನು ಮುಚ್ಚಿದ ಡಬ್ಬಿಯಿಂದ 1 ಮೀಟರ್ ದೂರದಲ್ಲಿ 75 ಡೆಸಿಬಲ್ ಮೀರಬಾರದು. ಅದನ್ನೇ 'ಸೈಲೆಂಟ್' ಅಂತ ಮಾರುತ್ತಾರೆ. ಬಯಲಲ್ಲಿ 8 ಮೀಟರ್ ದೂರಕ್ಕೆ ಅದು ಸುಮಾರು 57ಕ್ಕೆ ಇಳಿಯುತ್ತದೆ, ವಸತಿ ವಲಯದ ರಾತ್ರಿ ಮಿತಿ 45. ಎರಡು ಗೋಡೆ ನಡುವಿನ ಸೆಟ್‌ಬ್ಯಾಕಿನಲ್ಲಿ ಇಟ್ಟರೆ ಅಷ್ಟೂ ಇಳಿಯುವುದಿಲ್ಲ, ಜೊತೆಗೆ ಆ ಜಾಗ ಬೆಂಕಿ ಬಿದ್ದಾಗ ಓಡಾಡಲು ಬಿಟ್ಟದ್ದು. ರಸ್ತೆಯ ಕಡೆ, ಯಾರ ಮಲಗುವ ಕೋಣೆಗೂ ಎದುರಲ್ಲದ ಮೂಲೆಯಲ್ಲಿ ಇಡಿ. ಹೊಗೆ ಕೊಳವೆ ಕಟ್ಟಡದ ಎತ್ತರಕ್ಕಿಂತ ಮೇಲೆ ಹೋಗಬೇಕು. ಕೆವಿಎಯ ವರ್ಗಮೂಲವನ್ನು 0.2ರಿಂದ ಗುಣಿಸಿದಷ್ಟು ಮೀಟರ್, ಅಂದರೆ 62.5 ಕೆವಿಎಗೆ ಸುಮಾರು 1.6 ಮೀಟರ್.

ಪಂಪಿನ ಕೆಳಗೆ ರಬ್ಬರ್ ಪ್ಯಾಡ್, ಪೈಪಿಗೆ ಬಾಗುವ (ಫ್ಲೆಕ್ಸಿಬಲ್) ಜೋಡಣೆ, ಗೋಡೆಗೆ ಹಿಡಿಯುವ ಕ್ಲ್ಯಾಂಪಿನೊಳಗೆ ರಬ್ಬರ್. ಈ ಮೂರೂ ಬೇಕು. ಪ್ಯಾಡ್ ಹಾಕಿ ಪೈಪನ್ನು ಬಿಗಿಯಾಗಿ ಗೋಡೆಗೆ ಕಟ್ಟಿದರೆ ನಡುಕ ಪೈಪು ಹಿಡಿದು ಮೇಲೇರುತ್ತದೆ. ಲಿಫ್ಟಿನ ಗುಂಡಿಗೆ ಮಲಗುವ ಕೋಣೆಯ ಗೋಡೆ ಹಂಚಬೇಡಿ.

## ಹಂತ 7: ಕಟ್ಟುವಾಗ

ವಸತಿ ಮತ್ತು ನಿಶ್ಶಬ್ದ ವಲಯದಲ್ಲಿ ರಾತ್ರಿ 10ರಿಂದ 6ರ ತನಕ ಸದ್ದು ಮಾಡುವ ಕಟ್ಟಡ ಯಂತ್ರ ಓಡಿಸುವಂತಿಲ್ಲ. ಸ್ಲ್ಯಾಬ್ ದಿನ ಇದು ಮುರಿಯುತ್ತದೆ. ಮಿಕ್ಸರ್ ಬೆಳಿಗ್ಗೆ ಬೇಗ ಶುರುವಾಗುವಂತೆ ಹಿಂದಿನ ದಿನವೇ ಮರಳು, ಜಲ್ಲಿ, ಆಳು, ಎಲ್ಲ ಹೊಂದಿಸಿ. ಫರಸಿ, ಗ್ರಾನೈಟ್ ಕೊರೆಯುವ ಕಟರ್ ಒಂದೇ ಜಾಗದಲ್ಲಿ, ಮೂರು ಕಡೆ ಮರೆ ಕಟ್ಟಿ ಓಡಲಿ. ನೆರೆಯಲ್ಲಿ ಪರೀಕ್ಷೆ ಬರೆಯುವ ಮಕ್ಕಳಿದ್ದರೆ ಕೇಳಿ ಹೊತ್ತು ಹೊಂದಿಸಿಕೊಳ್ಳಿ.

## ಹಂತ 8: ಕೊನೆಯ ಬಿಲ್ ಕೊಡುವ ಮೊದಲು

ಕಿಟಕಿ ಗುತ್ತಿಗೆಯ ಕೊನೆಯ ಕಂತು ಹಿಡಿದಿಟ್ಟುಕೊಳ್ಳಿ, ಅದನ್ನು ಮೊದಲೇ ಕರಾರಿನಲ್ಲಿ ಬರೆಯಿರಿ.

ಸಂಜೆ ಗಾಳಿ ಬೀಸುವಾಗ ಎಲ್ಲ ಕಿಟಕಿ ಮುಚ್ಚಿ, ಫ್ಯಾನ್ ಆರಿಸಿ, ಒಂದು ಊದಿನಕಡ್ಡಿ ಹಚ್ಚಿ ಚೌಕಟ್ಟಿನ ಸುತ್ತ ನಿಧಾನ ತನ್ನಿ. ಹೊಗೆ ನೇರ ಏರುತ್ತಾ ಒಂದು ಕಡೆ ಥಟ್ಟನೆ ಅಡ್ಡ ಬಾಗಿದರೆ ಅಲ್ಲಿ ಗಾಳಿ ನುಗ್ಗುತ್ತಿದೆ, ಸದ್ದೂ ಅಲ್ಲೇ ನುಗ್ಗುತ್ತದೆ. ಸಾಮಾನ್ಯವಾಗಿ ಸಿಗುವುದು ಕೆಳಗಿನ ಮೂಲೆ, ನೀರು ಹೋಗುವ ತೂತು, ಚಿಲಕದ ಪಕ್ಕ. ಪೆನ್ಸಿಲ್ಲಿಂದ ಗುರುತು ಹಾಕಿ ಸರಿಮಾಡಿಸಿ.

ಆಮೇಲೆ ರಾತ್ರಿ ಹನ್ನೊಂದರ ನಂತರ ಮೀಟರ್ ತಂದು ಒಳಗೂ ಹೊರಗೂ ಒಂದೇ ಹೊತ್ತಿನಲ್ಲಿ ಅಳೆಯಿರಿ. ವ್ಯತ್ಯಾಸ ನೀವು ಲೆಕ್ಕ ಹಾಕಿದ್ದಕ್ಕಿಂತ 5 ಡೆಸಿಬಲ್‌ಗೂ ಜಾಸ್ತಿ ಕಡಿಮೆ ಬಂದರೆ ಎಲ್ಲೋ ಬಿರುಕಿದೆ, ಗಾಜು ಬದಲಿಸಲು ಹೋಗದೆ ಬಿರುಕು ಹುಡುಕಿ. ಖಾಲಿ ಕೋಣೆ ಸ್ವಲ್ಪ ಹೆಚ್ಚು ತೋರಿಸುತ್ತದೆ, ಹಾಸಿಗೆ ಪರದೆ ಬಂದ ಮೇಲೆ ಎರಡು ಮೂರು ಡೆಸಿಬಲ್ ಇಳಿಯುತ್ತದೆ.

ಹೊರಗಿನ ಸದ್ದು ನಿಮ್ಮ ವಲಯದ ಮಿತಿಗಿಂತ 10 ಡೆಸಿಬಲ್ ಅಥವಾ ಹೆಚ್ಚು ದಾಟಿದರೆ, ಅಂಕಿ, ದಿನಾಂಕ, ಹೊತ್ತು ಬರೆದು ದೂರು ಕೊಡುವ ಹಕ್ಕು ನಿಯಮದಲ್ಲೇ ಇದೆ. ಕಾರ್ಖಾನೆಯ ಸದ್ದಾದರೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿ, ರಾತ್ರಿ ಧ್ವನಿವರ್ಧಕವಾದರೆ ಪೊಲೀಸರು. ಮೂರನೇ ಹಂತದ ನಿಮ್ಮ ನೋಟ್‌ಬುಕ್ ಆಗ ಬೇಕಾಗುತ್ತದೆ. ಮೊದಲ ಮಳೆಗಾಲ ಕಳೆದ ಮೇಲೆ ಗ್ಯಾಸ್ಕೆಟ್‌ಗಳನ್ನು ಇನ್ನೊಮ್ಮೆ ಒತ್ತಿ ನೋಡಿ, ಗಡುಸಾಗಿದ್ದರೆ ಅಥವಾ ಮೂಲೆಯಲ್ಲಿ ಕುಗ್ಗಿದ್ದರೆ ಆಗಲೇ ಬದಲಿಸಿ.